ಮಡಿಕೆಯೊಳಗಿನ ಪುಟಗಳು

ಯಶವಂತಪುರದ ವೆಂಕಟರಾಮಯ್ಯನವರ ಪುಸ್ತಕದಂಗಡಿಯಲ್ಲಿ ನರಸಿಂಹಯ್ಯ ಓದದೆ ಬಿಟ್ಟ ಕಾದಂಬರಿ ಒಂದೂ ಇರಲಿಲ್ಲ. ಅವನು ಪೂರ್ತಿ ಓದಿದ ಕಾದಂಬರಿಯೂ ಒಂದೂ ಇರಲಿಲ್ಲ. ಇದೇನು ಒಗಟು ಎಂದು ಹುಬ್ಬು ಗಂಟಿಕ್ಕಬೇಡಿ. ಐವತ್ತೆಂಟನೇ ಇಸವಿಯ ಮಾತು. ಆ ಅಂಗಡಿಗೆ ಕಾದಂಬರಿ ಕಳಿಸುತ್ತಿದ್ದ ಪ್ರೆಸ್ಸಿನವರ ಹತ್ತಿರ ಅಂಚು ಕತ್ತರಿಸುವ ಯಂತ್ರವಿರಲಿಲ್ಲ. ದೊಡ್ಡ ಹಾಳೆಗೆ ಅಚ್ಚು ಹಾಕಿ, ಮಡಿಸಿ, ಹೊಲಿದು, ಮೇಲೊಂದು ರಟ್ಟು ಅಂಟಿಸಿ ಕಳಿಸಿಬಿಡುತ್ತಿದ್ದರು. ಎರಡು ಪುಟ ಕಣ್ಣಿಗೆ ಬಿದ್ದರೆ ಅದರ ಮುಂದಿನ ಎರಡು ಪುಟ ಮಡಿಕೆಯೊಳಗೆ ಮುಚ್ಚಿಕೊಂಡಿರುತ್ತಿದ್ದವು. ಕೊಂಡವರು ಮನೆಗೆ ಹೋಗಿ ಚಾಕುವಿನಿಂದಲೋ ಸ್ಕೇಲಿನಿಂದಲೋ ಬಿಡಿಸಿಕೊಂಡು ಓದಬೇಕು.

"ಮಡಿಕೆ ಬಿಡಿಸಿದ್ರೆ ಅದು ಹಳೇ ಪುಸ್ತಕ ಕಣಯ್ಯ. ಆಮೇಲೆ ಯಾರೂ ಮೂಸಿ ನೋಡಲ್ಲ," ಎಂದು ವೆಂಕಟರಾಮಯ್ಯನವರು ನರಸಿಂಹಯ್ಯ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು. ಅವರಿಗೆ ಮಾತು ಕಡಿಮೆ, ನಸ್ಯ ಜಾಸ್ತಿ. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವ ಅಭ್ಯಾಸವಿಲ್ಲ.

ನರಸಿಂಹಯ್ಯನಿಗೋ ಓದುವ ಹುಚ್ಚು. ಕೊಂಡು ಓದೋಣವೆಂದರೆ ಸಂಬಳ ಮತ್ತೀಕೆರೆಯ ಮನೆಯ ಅಕ್ಕಿ ಬೇಳೆಗೇ ಸಾಲದು. ಹಾಗಾಗಿ ಯಜಮಾನರು ಊಟ ಮುಗಿಸಿ ಗಲ್ಲಾಪೆಟ್ಟಿಗೆಯ ಹಿಂದೆ ತೂಕಡಿಸುವ ಹೊತ್ತಿನಲ್ಲಿ ಅವನು ಕಂಡ ಪುಟ ಓದುತ್ತಿದ್ದ, ಕಾಣದ ಪುಟ ಊಹಿಸುತ್ತಿದ್ದ. ಮಡಿಕೆಯನ್ನು ಬೆರಳಿಂದ ಉಬ್ಬಿಸಿ ಕೆಳಗಿನಿಂದ ಒಂದು ಕಣ್ಣು ಹಾಯಿಸಿದರೆ ಕೆಲವು ಸಾಲು ಸಿಗುತ್ತಿದ್ದವು, ಆದರೆ ಅಷ್ಟಕ್ಕೇ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಹದಿನೇಳನೇ ಪುಟದಲ್ಲಿ ಮಾವನ ಮೇಲೆ ಕೆಂಡ ಕಾರಿ ಮನೆ ಬಿಟ್ಟ ಅಳಿಯ ಇಪ್ಪತ್ತನೇ ಪುಟದಲ್ಲಿ ಅದೇ ಮಾವನ ಪಕ್ಕ ಕೂತು ಹೋಳಿಗೆ ತಿನ್ನುತ್ತಿದ್ದರೆ ನಡುವೆ ಏನು ನಡೆಯಿತು? ಸಂಜೆ ಸೈಕಲ್ ತುಳಿಯುತ್ತ ಮತ್ತೀಕೆರೆ ಸೇರುವಷ್ಟರಲ್ಲಿ ನರಸಿಂಹಯ್ಯ ಆ ಎರಡು ಪುಟ ಕಟ್ಟಿ ಮುಗಿಸುತ್ತಿದ್ದ. ಮಾರನೇ ದಿನ ಯಾರಾದರೂ ಕಥೆ ಹೇಗಿದೆ ಎಂದು ಕೇಳಿದರೆ ಅಚ್ಚಾದದ್ದನ್ನೂ ಕಟ್ಟಿದ್ದನ್ನೂ ಸೇರಿಸಿ ಒಂದೇ ಉಸಿರಿಗೆ ಹೇಳುತ್ತಿದ್ದ. ಪುಸ್ತಕ ಖರ್ಚಾಗುತ್ತಿತ್ತು. "ಏನ್ರೀ, ನೀವು ಹೇಳಿದ ಬೆಂಕಿ ಬಿದ್ದ ಪ್ರಸಂಗ ನಂಗೆಲ್ಲೂ ಸಿಗ್ಲೇ ಇಲ್ಲ," ಎಂದು ಒಬ್ಬ ಮೇಷ್ಟ್ರು ಕೇಳಿದಾಗ, "ಇನ್ನೊಂದ್ಸಲ ನಿಧಾನವಾಗಿ ಓದಿ ಸಾರ್, ಸಿಗುತ್ತೆ," ಎಂದು ಕಳಿಸಿದ್ದ ಭೂಪ ಅವನು.

ಒಂದು ದಿನ ಕೊಡಿಗೇಹಳ್ಳಿಯ ಚಿಕ್ಕಹನುಮಯ್ಯ ಹುರುಳಿಕಾಯಿ ಮೂಟೆಗಳನ್ನು ಇಳಿಸಿ ಬಂದು, ಎತ್ತುಗಳನ್ನು ಬೇವಿನ ಮರಕ್ಕೆ ಕಟ್ಟಿ, ಅಂಗಡಿಯ ಮೆಟ್ಟಿಲ ಮೇಲೆ ನಿಂತ. ವರ್ಷಕ್ಕೊಂದು ಪಂಚಾಂಗ ಕೊಳ್ಳುವ ಗಿರಾಕಿ. ಆದರೆ ಅದು ಪಂಚಾಂಗದ ಕಾಲವಲ್ಲ.

"ನಮ್ಮ ಗಂಗರತ್ನ ಚೊಚ್ಚಲ ಬಾಣಂತನಕ್ಕೆ ಬಂದವ್ಳೆ ಕಣಪ್ಪ," ಎಂದ. "ಏಳನೇ ಕ್ಲಾಸ್‌ಗಂಟ ಓದವ್ಳೆ. ಮದ್ಯಾನ ಒತ್ತೋಗಲ್ಲ, ಒಂದು ಕತೆ ಪುಸ್ತಕ ತಕ್ಕಂಬಾ ಅಂತಾಳೆ. ಅವಳು ಓದಿದ್ರೆ ಅವರವ್ವನೂ ಕೂತ್ಕಂಡು ಕೇಳ್ತಾಳೆ."

ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ. ದೊಡ್ಡ ಮಗಳು ಕೃಷ್ಣಮ್ಮ ಮೂರು ವರ್ಷದ ಹಿಂದೆ ಅದೇ ಮನೆಯಲ್ಲಿ, ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಹೆಂಡತಿ ಅಂಜಿನಮ್ಮ ಆ ಮಗಳ ಹೆಸರೆತ್ತಿಲ್ಲ. ಬಾವಿ ಹತ್ತಿರ ಯಾರಾದರೂ ಹೆರಿಗೆಯ ಸುದ್ದಿ ತೆಗೆದರೆ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದುಬಿಡುತ್ತಾಳೆ. ಈಗ ಎರಡನೆಯವಳ ದಿನ ಹತ್ತಿರವಾದಷ್ಟೂ ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ. ತಾಯಿಯ ಮುಖ ನೋಡಿ ಮಗಳೂ ಬಾಡುತ್ತಿದ್ದಾಳೆ.

"ಪುಸ್ತಕದಾಗೆ ಯಾರೂ ಸಾಯಬಾರ್ದು ಕಣಪ್ಪ. ಕೊನೇಗೆ ಎಲ್ಲಾರ್ಗೂ ಒಳ್ಳೇದಾಗ್ಬೇಕು. ಅಂಥದ್ದು ಕೊಡು. ನಿನ್ನ ಮಾತು ನಂಬ್ಕಂಡು ತಗಂಡೋಗ್ತೀನಿ."

ಚಿಕ್ಕಹನುಮಯ್ಯನ ಕಣ್ಣು ಹೊಸದಾಗಿ ಬಂದಿದ್ದ ಒಂದು ಕಾದಂಬರಿಯ ಮೇಲೆ ಬಿತ್ತು. ರಟ್ಟಿನ ಮೇಲೆ ತೊಟ್ಟಿಲ ಚಿತ್ರ, ಪಕ್ಕದಲ್ಲಿ ಸೆರಗು ಹೊದ್ದ ಹೆಂಗಸು. ನರಸಿಂಹಯ್ಯ ಅದನ್ನು ಆಗಲೇ ಓದಿದ್ದ, ಅಂದರೆ ಅವನು ಓದುವ ರೀತಿಯಲ್ಲಿ. ನಾಗವೇಣಿ ಎಂಬ ಹುಡುಗಿಯ ಮದುವೆ, ಸೀಮಂತ, ತವರಿಗೆ ಬಂದದ್ದು, ನೋವು ಶುರುವಾಗಿ ಹಿಂದಿನ ಬೀದಿಯ ಸೂಲಗಿತ್ತಿಯನ್ನು ಕರೆಯಲು ಓಡಿದ್ದು. ಅದು ನೂರ ನಲವತ್ತೈದನೇ ಪುಟ. ಅಷ್ಟರಲ್ಲಿ ಯಜಮಾನರು ಕಣ್ಣು ಬಿಟ್ಟಿದ್ದರಿಂದ ಅವನು ನೇರ ಕೊನೆಗೆ ಹಾರಿದ್ದ. ಕೊನೆಯ ಪುಟದಲ್ಲಿ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದಾನೆ, ಅವನ ಹೆಂಡತಿ ಮಗುವನ್ನು ತೊಟ್ಟಿಲಲ್ಲಿ ಹಾಕಿ ಜೋಗುಳ ಹಾಡುತ್ತಿದ್ದಾಳೆ. ಇನ್ನೇನು ಬೇಕು?

"ಯಾರೂ ಸಾಯಲ್ಲ ಯಜಮಾನ್ರೇ," ಎಂದ ನರಸಿಂಹಯ್ಯ ಎದೆ ತಟ್ಟಿಕೊಂಡು. "ಮಗು ತೊಟ್ಟಿಲಲ್ಲಿ ಆಡೋದ್ರೊಂದಿಗೆ ಮುಗಿಯುತ್ತೆ. ನಾನು ಜವಾಬ್ದಾರಿ."

ಚಿಕ್ಕಹನುಮಯ್ಯ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ, ಪ್ರಸಾದವನ್ನು ಒಯ್ಯುವವನಂತೆ ಎರಡೂ ಕೈಯಲ್ಲಿ ಹಿಡಿದು ಗಾಡಿ ಹತ್ತಿದ.

ಅದೇ ಪುಸ್ತಕದ ಇನ್ನೊಂದು ಪ್ರತಿಯನ್ನು ರೈಲ್ವೆ ಶೆಡ್ಡಿನ ಫಿಟ್ಟರ್ ಮುಜಫ್ಫರ್ ಕೊಂಡ. ಸಂಬಳ ಬಂದ ಕೂಡಲೇ ಒಂದು ಕಾದಂಬರಿ, ಆಮೇಲೆ ಮಿಕ್ಕಿದ್ದು ಎನ್ನುವ ಮನುಷ್ಯ. ಶನಿವಾರ ಸಂಜೆ ಅವನು ಅಂಗಡಿಗೆ ಬಂದಾಗ ಕಣ್ಣು ಕೆಂಪಾಗಿತ್ತು.

"ಏನ್ ಸಾರ್ ನೀವು! ನಗ್‌ನಗ್ತಾ ಮಾರಿಬಿಟ್ರಿ. ನಾಗವೇಣಿ ಸತ್ತೋದ್ಳಲ್ಲ ಸಾರ್!"

"ಯಾವ ನಾಗವೇಣಿ?"

"ಇನ್ಯಾವ ನಾಗವೇಣಿ? ನೋಡಿ ಇಲ್ಲಿ. ನೂರ ನಲವತ್ತಾರು, ನೂರ ನಲವತ್ತೇಳು." ಮುಜಫ್ಫರ್ ತಗಡಿನ ಸ್ಕೇಲಿನಿಂದ ಬಿಡಿಸಿದ್ದ ಪುಟಗಳನ್ನು ಅಗಲಿಸಿ ಹಿಡಿದ. "ಮಗು ಉಳೀತು, ತಾಯಿ ಹೋದ್ಳು. ಕೊನೇಲಿ ತೊಟ್ಟಿಲು ತೂಗೋಳು ಎರಡನೇ ಹೆಂಡ್ತಿ. ಶೆಡ್ಡಲ್ಲಿ ಎಲ್ರ ಮುಂದೆ ಅತ್ತುಬಿಟ್ಟೆ ಸಾರ್. ಇಂಥದ್ದೇ ಇನ್ನೊಂದಿದ್ರೆ ಕೊಡಿ!"

ನರಸಿಂಹಯ್ಯ ಎರಡೂ ಪುಟ ಓದಿದ. ಅಂಗಡಿಗೆ ಸೇರಿದಂದಿನಿಂದ ಅವನು ಎಷ್ಟೋ ಜನರನ್ನು ಮಡಿಕೆಯೊಳಗೆ ಮದುವೆ ಮಾಡಿಸಿದ್ದ, ಜಗಳವಾಡಿಸಿದ್ದ, ರಾಜಿ ಮಾಡಿಸಿದ್ದ. ಆ ಕತ್ತಲಲ್ಲಿ ಒಬ್ಬಳು ಸತ್ತು ಮಲಗಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಈಗ ಕೊಡಿಗೇಹಳ್ಳಿಯಲ್ಲಿ ತುಂಬು ಬಸುರಿಯೊಬ್ಬಳು, ಮಗಳನ್ನು ಕಳೆದುಕೊಂಡ ತಾಯಿಯ ಎದುರು, ಈ ಪುಟದ ಕಡೆಗೆ ಓದಿಕೊಂಡು ಬರುತ್ತಿದ್ದಾಳೆ. ಅದೂ ಅವನ ಮಾತು ನಂಬಿಕೊಂಡು!

"ಮಾರಿದ್ದನ್ನ ವಾಪಸ್ ತಗೊಳ್ಳೋ ಪದ್ಧತಿ ಇಲ್ಲ," ಎಂದರು ವೆಂಕಟರಾಮಯ್ಯನವರು, ವಿಷಯವೆಲ್ಲ ಕೇಳಿದ ಮೇಲೆ. ನಸ್ಯದ ಡಬ್ಬಿ ಮುಚ್ಚಿ, "ನನ್ನ ಸೈಕಲ್ ತಗೊಂಡ್ಹೋಗು. ನಿನ್ನದರ ಚೈನು ಜಾರುತ್ತೆ," ಎಂದರು.

ಭಾನುವಾರ ಬಿಸಿಲೇರುವ ಹೊತ್ತಿಗೆ ನರಸಿಂಹಯ್ಯ ಮತ್ತೀಕೆರೆ ದಾಟಿ, ಲೊಟ್ಟೆಗೊಲ್ಲಹಳ್ಳಿಯ ರಾಗಿ ಹೊಲಗಳ ಬದಿಯ ಗಾಡಿದಾರಿಯಲ್ಲಿ ಏದುಸಿರು ಬಿಡುತ್ತ ತುಳಿಯುತ್ತಿದ್ದ. ಬದಲಿಗೆ ಕೊಡಲು ಇನ್ನೊಂದು ಪುಸ್ತಕವನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡಿದ್ದ. ನಗೆ ಬರಿಸುವ ಪುಸ್ತಕ ಎಂದು ಪ್ರೆಸ್ಸಿನವರು ಹೇಳಿದ್ದರು. ಒಳಗೆ ಏನಿದೆಯೋ, ಈಗ ಯಾವ ಮಡಿಕೆಯನ್ನೂ ನಂಬುವ ಧೈರ್ಯ ಅವನಿಗಿರಲಿಲ್ಲ.

ಚಿಕ್ಕಹನುಮಯ್ಯನ ಮನೆಯ ಜಗಲಿಯಲ್ಲಿ ಹೆಂಗಸರ ಸಭೆ ನೆರೆದಿತ್ತು. ಕಂಬಕ್ಕೆ ದಿಂಬು ಕೊಟ್ಟು ಒರಗಿದ್ದ ಗಂಗರತ್ನಮ್ಮನ ಕೈಯಲ್ಲಿ ಪುಸ್ತಕವಿತ್ತು. ಎದುರಿಗೆ ಅಂಜಿನಮ್ಮ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿದುಕೊಂಡು ಕೂತಿದ್ದಳು. ಪಕ್ಕದ ಮನೆಯ ಯಲ್ಲಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ಬಾರಪ್ಪ, ಬಾ! ನಮ್ಮ ಪುಸ್ತಕದಂಗಡಿ ನರಸಿಂಹಯ್ಯ ಇವ್ರೇ ಕಣ್ರಮ್ಮ," ಎಂದು ಚಿಕ್ಕಹನುಮಯ್ಯ ಸಂಭ್ರಮದಿಂದ ಚಾಪೆ ಹಾಸಿ, ತೋಟದ ಸೀಬೆಹಣ್ಣು ತಂದಿಟ್ಟ.

"ಕತೆ ಎಲ್ಲೀತನಕ ಬಂತು?" ಸೀಬೆಹಣ್ಣು ಮುಟ್ಟದೆ ಕೇಳಿದ ನರಸಿಂಹಯ್ಯ.

"ಅಯ್ಯೋ, ಏನೇಳನ ಸ್ವಾಮಿ!" ಯಲ್ಲಮ್ಮ ಅವರೆಕಾಯಿ ಬಿಟ್ಟು ಕೈ ಬೀಸಿದಳು. "ಆ ಉಡುಗಿಗೆ ನೋವು ಸುರುವಾಗೈತೆ. ಸೂಲಗಿತ್ತಿ ಮಾತ್ರ ಎರಡು ದಿನದಿಂದ ಬತ್ತಾನೇ ಅವ್ಳೆ, ಬತ್ತಾನೇ ಅವ್ಳೆ, ದಾರಿ ಸವೀತಿಲ್ಲ! ಮೊನ್ನೆ ಗಾಡಿ ಚಕ್ರದ ಕಡಾಣಿ ಬಿದ್ದೋಯ್ತು. ಆಮೇಲೆ ಅಳ್ಳ ತುಂಬಿ ಅರೀತು. ನೆನ್ನೆ ನೋಡಿದ್ರೆ ಎಲೆಡಿಕೆ ಚೀಲ ಮರ್ತೆ ಅಂತ ವಾಪಸ್ ಓದ್ಳು! ಅಂಥೋಳ್ನ ನಮ್ಮೂರಾಗಾಗಿದ್ರೆ ಪೊರಕೆ ತಗಂಡಿರ್ತಿದ್ದೋ."

ನರಸಿಂಹಯ್ಯ ತಬ್ಬಿಬ್ಬಾದ. ಪುಸ್ತಕದಲ್ಲಿ ಸೂಲಗಿತ್ತಿಯ ಮನೆ ಹಿಂದಿನ ಬೀದಿಯಲ್ಲಿತ್ತು. ಗಾಡಿಯೂ ಇರಲಿಲ್ಲ, ಹಳ್ಳವೂ ಇರಲಿಲ್ಲ. ಆದರೆ ಯೋಚಿಸಲು ಅದು ಹೊತ್ತಲ್ಲ.

"ಇದಕ್ಕಿಂತ ಒಳ್ಳೇ ಪುಸ್ತಕ ತಂದಿದ್ದೀನಿ. ಇದನ್ನ ಬಿಟ್ಟು ಅದನ್ನ..." ಎಂದು ಶುರು ಮಾಡಿದನೋ ಇಲ್ಲವೋ, ಜಗಲಿಗೆ ಜಗಲಿಯೇ ಮೇಲೆ ಬಿತ್ತು. ನೋವು ತಿನ್ನುತ್ತಿರುವವಳನ್ನು ನಡುದಾರಿಯಲ್ಲಿ ಬಿಟ್ಟು ಬರುವುದುಂಟೇ? ಅಂಜಿನಮ್ಮನ ಬೆರಳಿಗೆ ಸುತ್ತಿದ ಸೆರಗು ಮಾತ್ರ ಇನ್ನಷ್ಟು ಬಿಗಿಯಾಯಿತು.

ಉಳಿದದ್ದು ಒಂದೇ ದಾರಿ. "ಇವತ್ತೊಂದು ದಿನ ನಾನು ಓದ್ಲಾ ತಾಯಿ?" ಎಂದು ಅವನು ಗಂಗರತ್ನಮ್ಮನ ಕಡೆ ಕೈ ಚಾಚಿದ. ಆಕೆ ಅವನನ್ನು ಒಮ್ಮೆ ದಿಟ್ಟಿಸಿ ನೋಡಿ ಪುಸ್ತಕ ಕೊಟ್ಟಳು.

"ಒಂದು ಚಾಕು ಬೇಕಿತ್ತು. ಮುಂದಿನ ಪುಟ ಬಿಡಿಸ್ಬೇಕಲ್ಲ."

"ಬ್ಯಾಡ, ಅಂಗೇ ಓದಿ," ಎಂದಳು ಗಂಗರತ್ನಮ್ಮ.

ನರಸಿಂಹಯ್ಯ ನೂರ ನಲವತ್ತಾರನೇ ಪುಟಕ್ಕೆ ಬೆರಳು ಹಾಕಿದ. ಮಡಿಕೆ ಬಿಡಿಸಿತ್ತು. ಅದರ ಮುಂದಿನದೂ ಬಿಡಿಸಿತ್ತು. ಕೊನೆಯ ಪುಟದವರೆಗೂ ಒಂದೊಂದು ಮಡಿಕೆಯನ್ನೂ ಯಾರೋ ನೀಟಾಗಿ ಕೊಯ್ದು ಬಿಡಿಸಿದ್ದರು. ಅವನು ತಲೆಯೆತ್ತಿದ. ಗಂಗರತ್ನಮ್ಮ ಬಹಳ ಗಂಭೀರವಾಗಿ ತನ್ನ ಬಳೆಗಳನ್ನು ನೋಡಿಕೊಳ್ಳುತ್ತಿದ್ದಳು.

ಸೂಲಗಿತ್ತಿಯ ಗಾಡಿಯ ಕಡಾಣಿ ಬಿದ್ದದ್ದು ಯಾಕೆ, ಹಳ್ಳ ತುಂಬಿ ಹರಿದದ್ದು ಯಾಕೆ ಎಂದು ನರಸಿಂಹಯ್ಯನಿಗೆ ಆಗ ಅರ್ಥವಾಯಿತು. ಈ ಹುಡುಗಿ ಪುಸ್ತಕ ಬಂದ ದಿನವೇ ಎಲ್ಲ ಓದಿ ಮುಗಿಸಿ, ತಾಯಿಯ ಕಿವಿಗೆ ಆ ಸಾವು ಬೀಳದಿರಲೆಂದು ಎರಡು ದಿನದಿಂದ ಒಬ್ಬಳೇ ದಾರಿಗೆ ಅಡ್ಡ ನಿಂತಿದ್ದಳು. ಅವನಿಗೆ ಅವಳ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿ ಬಂತು. ತನ್ನಂಥವಳು ಇನ್ನೊಬ್ಬಳು ಸಿಕ್ಕಿದ ಖುಷಿಯೂ ಅದರಲ್ಲಿ ಸೇರಿತ್ತು.

ಗಂಟಲು ಸರಿಮಾಡಿಕೊಂಡು ಪುಟದ ಮೇಲೆ ಕಣ್ಣು ನೆಟ್ಟು ಓದತೊಡಗಿದ. ಪುಟದಲ್ಲಿ ಇದ್ದದ್ದೊಂದು, ಬಾಯಲ್ಲಿ ಬಂದದ್ದೊಂದು. ಸೂಲಗಿತ್ತಿ ಕೊನೆಗೂ ಬಂದಳು. ಬಂದವಳೇ ಗಂಡಸರನ್ನೆಲ್ಲ ಹೊರಗಟ್ಟಿದಳು, ನೀರು ಕಾಯಿಸಿಲ್ಲವೆಂದು ಅತ್ತಿಗೆಯನ್ನು ಬೈದಳು. "ಅಂಗೆ ಬಯ್ಯಿ ಅವಳ್ನ!" ಎಂದು ಯಲ್ಲಮ್ಮ ಕೂಗಿದಳು. ನೋವಿನ ಹತ್ತಿರ ಬಂದಾಗ ಮಾತ್ರ ನರಸಿಂಹಯ್ಯನಿಗೆ ಮುಂದೆ ತೋಚದೆ ನಾಲಗೆ ತಡವರಿಸಿತು. ಹೆರಿಗೆಮನೆಯ ವಿಷಯ ಆ ಬಡಪಾಯಿಗೆ ಏನು ಗೊತ್ತು?

"ಸಾಲು ತಪ್ತು ಅಂತ ಕಾಣ್ತದೆ ಅಣ್ಣ," ಎಂದು ಗಂಗರತ್ನಮ್ಮ ಮುಂದೆ ಬಾಗಿ, ಪುಟದ ಮೇಲೆ ಎಲ್ಲೋ ಒಂದು ಕಡೆ ಬೆರಳಿಟ್ಟಳು. "ಇಲ್ಲೈತೆ ನೋಡಿ. ಸೂಲಗಿತ್ತಿ ಅವಳ ಸೊಂಟ ನೀವಿ, ಇನ್ನೊಂದೇ ಒಂದು ಸಲ ತಿಣುಕು ನನ್ನ ತಾಯಿ ಅಂದ್ಳು ಅಂತ."

"ಹೌದು ಹೌದು, ಇಲ್ಲಿದೆ," ಎಂದು ನರಸಿಂಹಯ್ಯ ಅಲ್ಲಿಂದ ಎತ್ತಿಕೊಂಡ. ಇಬ್ಬರೂ ಹೀಗೆ ಕೈಗೆ ಕೈ ಕೊಟ್ಟು ನಾಗವೇಣಿಯನ್ನು ದಡಕ್ಕೆ ಎಳೆದರು. ಕೋಳಿ ಕೂಗುವ ಹೊತ್ತಿಗೆ ಮಗು ಅತ್ತಿತು. ನಾಗವೇಣಿ ಕಣ್ಣು ಬಿಟ್ಟು, "ಅಮ್ಮಾ, ಹಸಿವು," ಎಂದಳು.

ಜಗಲಿ ಗೆದ್ದವರ ಪಾಳಯವಾಯಿತು. ಅಂಜಿನಮ್ಮ ಎದ್ದು ಒಳಗೆ ಹೋದಳು. ಹೆದರಿಕೊಂಡಳೋ ಏನೋ ಎಂದು ನರಸಿಂಹಯ್ಯ ಬಾಗಿಲ ಕಡೆ ಕತ್ತು ಚಾಚಿದ. ಆಕೆ ಬೆಲ್ಲ ಮತ್ತು ಹುರಿಗಡಲೆಯ ತಟ್ಟೆ ಹಿಡಿದು ಬಂದು ಎಲ್ಲರಿಗೂ ಹಂಚಿದಳು. ಅವನ ಕೈಗೆ ಎಲ್ಲರಿಗಿಂತ ದೊಡ್ಡ ಬೆಲ್ಲದಚ್ಚು ಬಿತ್ತು.

ಹೊರಡುವಾಗ ಮಜ್ಜಿಗೆ ಲೋಟ ಕೊಡುವ ನೆಪದಲ್ಲಿ ಗಂಗರತ್ನಮ್ಮ ಸೈಕಲ್ ಹತ್ತಿರ ಬಂದಳು. "ಅಣ್ಣ, ಇನ್ನೂ ಕತೆ ಉಳ್ದೈತೆ. ಆ ಎರಡನೇ ಎಂಡ್ತೀನ ಏನ್ ಮಾಡನ?"

"ನಾದಿನಿ ಮಾಡಿದ್ರಾಯ್ತು. ಅಣ್ಣನ ಮನೆಗೆ ಬಾಣಂತನಕ್ಕೆ ಸಹಾಯ ಮಾಡೋಕೆ ಬಂದಿರ್ತಾಳೆ."

ಅವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ನಕ್ಕ ಮೇಲೆ ಮುಖ ಸಣ್ಣಗಾಯಿತು. "ನಂಗೂ ಎದ್ರಿಕೆ ಐತೆ ಅಣ್ಣ. ಆದ್ರೆ ಅವ್ವ ಎದ್ರಿದ್ರೆ ನನ್ನ ಕೈಲಿ ತಡಿಯಾಕಾಗಲ್ಲ. ಮುಂದಿನ ವಾರನೂ ಬತ್ತೀರಾ?"

ನರಸಿಂಹಯ್ಯ ಮುಂದಿನ ವಾರವೂ ಹೋದ, ಅದರ ಮುಂದಿನ ವಾರವೂ ಹೋದ. ಎರಡನೇ ಹೆಂಡತಿ ನಾದಿನಿಯಾದಳು, ಅವಳಿಗೊಂದು ಗಂಡೂ ಗೊತ್ತಾಯಿತು. ಬರೆದ ಪುಣ್ಯಾತ್ಮ ಗುರುತು ಹಿಡಿಯದಷ್ಟು ಕಥೆ ಬೆಳೆಯಿತು. ಅಂಜಿನಮ್ಮ ಪ್ರತಿ ಸಲವೂ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಅವಳು ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ ಎಂದು ಚಿಕ್ಕಹನುಮಯ್ಯ ಸಂತೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು ಹೇಳಿಹೋಗುತ್ತಿದ್ದ.

ಒಂದು ಬೆಳಿಗ್ಗೆ ಅವನು ಗಾಡಿ ಪೂರ್ತಿ ನಿಲ್ಲುವ ಮೊದಲೇ ಧುಮುಕಿ ಓಡಿಬಂದ. ಕಲ್ಲುಸಕ್ಕರೆ ಪೊಟ್ಟಣವನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು, "ಎಣ್ಣು ಮಗ. ತಾಯಿ ಮಗ ಇಬ್ರೂ ಗಟ್ಟಿಯಾಗವ್ರೆ," ಎಂದು ಅಳತೊಡಗಿದ. ನರಸಿಂಹಯ್ಯ ಅವನನ್ನು ತಬ್ಬಿಕೊಂಡು ತಾನೂ ಅತ್ತ. ವೆಂಕಟರಾಮಯ್ಯನವರು ನಸ್ಯ ಬಿಟ್ಟು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡರು.

ಬಾಣಂತನದ ನೀರು ಮುಗಿದ ಮೇಲೆ ಅಂಜಿನಮ್ಮನೇ ಹೇಳಿಕಳಿಸಿದಳು. ನರಸಿಂಹಯ್ಯ ಹೊಸ ಕಾದಂಬರಿ ಹಿಡಿದು ಹೋದ. ಜಗಲಿಯಲ್ಲಿ ಅವತ್ತು ತಾಯಿ, ಮಗಳು, ಮಡಿಲಲ್ಲಿ ಮಗು, ಅಷ್ಟೇ. ಅಂಜಿನಮ್ಮ ಹೊಸ ಪುಸ್ತಕವನ್ನು ಪಕ್ಕಕ್ಕಿಟ್ಟು, ಗೂಡಿನಿಂದ ತೊಟ್ಟಿಲ ಚಿತ್ರದ ಪುಸ್ತಕ ತೆಗೆದು ಅವನ ಮುಂದಿಟ್ಟಳು.

"ಅವತ್ತು ಓದದಂಗೆ ಬಿಟ್ಟಿದ್ಯಲ್ಲ, ಅದನ್ನ ಈಗ ಓದಪ್ಪ."

ನರಸಿಂಹಯ್ಯ ಗಂಗರತ್ನಮ್ಮನ ಮುಖ ನೋಡಿದ. ಗಂಗರತ್ನಮ್ಮ ಅವನ ಮುಖ ನೋಡಿದಳು.

"ನಂಗೆ ಅಕ್ಸರ ಬರಲ್ಲ, ಕಣ್ಣು ಕಾಣ್ತದೆ," ಎಂದಳು ಅಂಜಿನಮ್ಮ. "ನಮ್ಮ ಗಂಗೂ ದಿನಾ ಆಳೆ ಮಗುಚಿ ಮಗುಚಿ ಓದೋಳು. ನೀನು ಬಂದ ದಿನ, ಒಂದಾಳೆನೂ ಮಗುಚದಂಗೆ ಅಷ್ಟೊತ್ತು ಓದ್ದೆ. ಅಷ್ಟುದ್ದದ ಕತೆ ಒಂದಾಳೇಲಿ ಎಂಗೆ ಇಡೀತದಪ್ಪ? ಆ ಉಡುಗಿ ಅಲ್ಲಿ ಸತ್ತೋಗವ್ಳೆ ಅಂತ ನಂಗೆ ಅವತ್ತೇ ಗೊತ್ತಾಯ್ತು."

"ಗೊತ್ತಿದ್ದೂ ಬೆಲ್ಲ ಹಂಚಿದ್ರಾ ತಾಯಿ?"

"ಇನ್ನೇನ್ ಮಾಡ್ಲಿ? ನಾನು ಎದ್ರಬಾರ್ದು ಅಂತ ಇವಳು ಬೆರಳು ತೋರ್ಸೋದೇನು, ನೀನು ಬೆವರು ಒರೆಸ್ಕಳೋದೇನು! ಅಷ್ಟು ಕಷ್ಟಪಟ್ಟು ಉಳಿಸ್ತಾವ್ರಲ್ಲ ಅನ್ನಿಸ್ತು. ನಗಾ ತಡ್ಕಳೋದ್ರಾಗೆ ನನ್ನ ಎದ್ರಿಕೆ ಎಲ್ಲೋಯ್ತೋ ಕಾಣೆ." ಅವಳು ಮಗುವಿನ ಕಾಲು ನೇವರಿಸಿದಳು. "ಈಗ ಇವಳು ಗೆದ್ಕಂಡ್ಳು. ಇನ್ನು ನಿಜ ಕೇಳ್ತೀನಿ. ಓದು."

ನರಸಿಂಹಯ್ಯ ನೂರ ನಲವತ್ತಾರನೇ ಪುಟ ತೆಗೆದ. ಈ ಸಲ ಪುಟದಲ್ಲಿ ಇದ್ದದ್ದನ್ನೇ ಓದಿದ, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ. ನಾಗವೇಣಿ ನೀರು ಕೇಳಿದಳು. ತಾಯಿ ನೀರು ತರುವಷ್ಟರಲ್ಲಿ ಅವಳ ಕೈ ಜಾರಿತ್ತು.

"ನಮ್ಮ ಕೃಷ್ಣಿನೂ ಇಂಗೇ ನೀರು ಕೇಳಿದ್ಳು," ಎಂದಳು ಅಂಜಿನಮ್ಮ.

ಮೂರು ವರ್ಷದಲ್ಲಿ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಆಮೇಲೆ ಆಕೆ ಮುಚ್ಚಿಡದೆ, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಬರುವಂತೆ ಅತ್ತಳು. ಕೃಷ್ಣಮ್ಮನಿಗೆ ಸೀಬೆಕಾಯಿಗೆ ಉಪ್ಪು ಹಚ್ಚಿ ತಿನ್ನುವುದೆಂದರೆ ಎಷ್ಟು ಆಸೆ, ಅವಳ ಜಡೆ ಎಷ್ಟು ಉದ್ದವಿತ್ತು ಎಂದೆಲ್ಲ ಹೇಳಿದಳು. ಗಂಗರತ್ನಮ್ಮ ಅಳುತ್ತಲೇ ಮಗುವನ್ನು ಎತ್ತಿ ತಾಯಿಯ ಮಡಿಲಿಗೆ ಹಾಕಿದಳು. ಮಗು ಅಜ್ಜಿಯ ಮೂಗುಬೊಟ್ಟಿಗೆ ಕೈ ಹಾಕಿತು.

ಅಂಜಿನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮಗುವಿನ ಮುಷ್ಟಿ ಬಿಡಿಸಿ, ನರಸಿಂಹಯ್ಯನ ಕಡೆ ತಿರುಗಿದಳು.

"ಆಳೆ ಮಗುಚಪ್ಪ," ಎಂದಳು. "ಆ ಕೂಸನ್ನ ಆಮ್ಯಾಕೆ ಯಾರು ಸಾಕಿದ್ರು?"

ನರಸಿಂಹಯ್ಯ ಹಾಳೆ ಮಗುಚಿ ಓದಿದ. ಸಂಜೆ ದನಗಳು ಮನೆಗೆ ಬರುವ ಹೊತ್ತಿಗೆ ತೊಟ್ಟಿಲ ಪುಟ ಬಂತು. ನೂರ ನಲವತ್ತೈದರ ಹಿಂದಿನ ಕಾಣದ ಪುಟಗಳನ್ನೂ ಅಲ್ಲೇ ಕೂತು ಓದಿಕೊಂಡ. ಅವನು ಒಂದು ಪುಟವನ್ನೂ ಬಿಡದೆ ಓದಿ ಮುಗಿಸಿದ ಮೊದಲ ಕಾದಂಬರಿ ಅದು.